ಕೊನೆಯ ಅಕ್ಷರ

"ಹೇಮಕ್ಕ, ಸಿಟ್ಟಾಗಬ್ಯಾಡ್ರಿ. ಒಂದ್ಸಲ ದನಿ ಬಂದ್ ಮಾಡಿ ನೋಡ್ರಿ," ಎಂದಳು ಜಯಶ್ರೀ, ಫೋನಿನಲ್ಲಿ.

ಹೇಮಾ ಸಿಟ್ಟಾಗಲಿಲ್ಲ ಎಂದರೆ ಸುಳ್ಳಾದೀತು. ಶಿಗ್ಗಾಂವ ತಾಲೂಕಿನ ಹುಲಗೂರಿನ ಆಚೆಗಿನ ಹಳ್ಳಿಯೊಂದರ ಸರಕಾರಿ ಶಾಲೆಗೆ ಅವಳು ಶಿಕ್ಷಕಿಯಾಗಿ ಸೇರಿದಾಗ ಈ ಜಯಶ್ರೀ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದಿರಬೇಕು. ಹಿರೇಕೆರೂರು ಕಡೆಯ ಯಾವುದೋ ಶಾಲೆಯಲ್ಲಿ ಮೊನ್ನೆ ಮೊನ್ನೆ ನೌಕರಿ ಹಿಡಿದವಳು. ಮುಖ ಕೂಡ ನೋಡಿಲ್ಲ. ಶಿಕ್ಷಣ ಇಲಾಖೆಯೂ ಒಂದು ಸಂಸ್ಥೆಯೂ ಕೈಜೋಡಿಸಿ ನಡೆಸುತ್ತಿದ್ದ ತರಬೇತಿಯಲ್ಲಿ ಇಬ್ಬರನ್ನೂ ಜೋಡಿ ಮಾಡಿದ್ದರು. ಒಬ್ಬರು ತಮ್ಮ ಪಾಠವನ್ನು ಮೊಬೈಲಿನಲ್ಲಿ ಹಿಡಿದು ಕಳಿಸಬೇಕು, ಇನ್ನೊಬ್ಬರು ನೋಡಿ ಅನಿಸಿದ್ದನ್ನು ಹೇಳಬೇಕು. ಹಾನಗಲ್ಲಿನವರಿಗೆ ಸವಣೂರಿನವರು, ಶಿಗ್ಗಾಂವದವರಿಗೆ ಹಿರೇಕೆರೂರಿನವರು.

ಹೇಮಾಳ ತರಗತಿ ಎಂದರೆ ಊರಿಗೆಲ್ಲ ಕೇಳಿಸುವ ತರಗತಿ. ಅವಳು ಅರ್ಧ ಮಾತಾಡಿ ನಿಲ್ಲಿಸಬೇಕು, ಉಳಿದದ್ದನ್ನು ಮಕ್ಕಳು ಒಂದೇ ದನಿಯಲ್ಲಿ ಮುಗಿಸಬೇಕು. "ಅರ್ಧ ಅಂದ್ರ ಎರಡು ಸಮ ಭಾ..." ಎಂದು ಅವಳು ಎಳೆದರೆ "ಗ!" ಎಂದು ಹಂಚು ಹಾರುವಂಥ ಉತ್ತರ. ಅವಳಿಗೆ ಕಲಿಸಿದವರೂ ಹಾಗೇ ಕಲಿಸಿದ್ದರು, ಅವರಿಗೆ ಅವರ ಗುರುಗಳು. ಬಿಸಿಯೂಟದ ಗುತ್ತೆವ್ವ ಆ ಗದ್ದಲ ಕೇಳುತ್ತಲೇ ಹಾಯಾಗಿ ಬೇಳೆ ಹಸನು ಮಾಡುತ್ತಿದ್ದಳು. ತಪಾಸಣೆಗೆ ಬಂದವರೆಲ್ಲ ತಲೆದೂಗಿ ಹೋದವರೇ. ಈಗಲೂ ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಮಲ್ಲೇಶಪ್ಪನವರು ಅವಳು ಜಯಶ್ರೀಗೆ ಕಳಿಸಿದ ಭಿನ್ನರಾಶಿ ಪಾಠದ ವಿಡಿಯೋ ನೋಡಿದ್ದೇ ತಡ, ಶಿಗ್ಗಾಂವದಲ್ಲಿ ನಾಲ್ಕು ತಾಲೂಕುಗಳ ಶಿಕ್ಷಕರು ಸೇರುವ ದಿನ ಇದನ್ನೇ ತೋರಿಸುವುದೆಂದು ಗೊತ್ತು ಮಾಡಿಬಿಟ್ಟಿದ್ದರು. ಅಂಥದ್ದರಲ್ಲಿ ಈ ಹುಡುಗಿ ದನಿ ಬಂದ್ ಮಾಡಿ ನೋಡು ಅನ್ನುತ್ತಾಳೆ. ದನಿಯೇ ಇಲ್ಲದ ಮೇಲೆ ಅದರಲ್ಲಿ ಉಳಿಯುವುದಾದರೂ ಏನು?

ಆದರೂ ಸಂಜೆ ರೊಟ್ಟಿ ಬಡಿದು ಮುಗಿಸಿ, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ನೋಡಿದಳು. ತಾನು ಕೈ ಬೀಸುತ್ತಿದ್ದಾಳೆ, ಹಲಗೆಯತ್ತ ತಿರುಗುತ್ತಿದ್ದಾಳೆ, ಬಾಯಿ ಒಂದೇ ಸಮನೆ ಆಡುತ್ತಿದೆ. ಮಕ್ಕಳ ಬಾಯಿ ಮುಚ್ಚಿಯೇ ಇದೆ. ಅವಳು ನಿಲ್ಲಿಸಿದೊಡನೆ ಎಲ್ಲರ ಬಾಯಿಯೂ ಒಮ್ಮೆ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಕಿಟಕಿ ಬಳಿ ಕುಳಿತ ವಿದ್ಯಾಶ್ರೀ ಹೊರಗಿನ ಆಡೊಂದನ್ನು ನೋಡುತ್ತಿದ್ದಳು. ಕತ್ತು ಕೂಡ ತಿರುಗಿಸದೆ, ಸರಿಯಾದ ಹೊತ್ತಿಗೆ ಬಾಯಿ ತೆರೆದು ಮುಚ್ಚಿದಳು.

ಹೇಮಾ ವಿಡಿಯೋ ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದಳು. ಇಡೀ ಪಾಠದಲ್ಲಿ ಮಕ್ಕಳು ಆಡಿದ್ದು ಕೊನೆಯ ಅಕ್ಷರ ಮಾತ್ರ, ಉಳಿದದ್ದೆಲ್ಲ ಅವಳದೇ. ಇಷ್ಟು ವರ್ಷ ಆ ಕೋಣೆಯಲ್ಲಿ ಭಿನ್ನರಾಶಿ ಕಲಿತವರು ಯಾರು, ಮಕ್ಕಳೋ ತಾನೋ? ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ತಟ್ಟೆ ಹಾಕಿಕೊಳ್ಳುವ ಮೊದಲೇ ಜಯಶ್ರೀಗೆ ಫೋನು ಹಚ್ಚಿದಳು.

"ಹಂಗಾರ ಏನ್ ಮಾಡ್ಲಿ?"

"ಪ್ರಶ್ನೆ ಕೇಳಿ ಸುಮ್ಮನ ನಿಂದರ್ರಿ, ಅಕ್ಕ."

"ಎಷ್ಟೊತ್ತು?"

"ಅವ್ರು ಮಾತಾಡೂತನಕ."

ಸುಮ್ಮನೆ ನಿಲ್ಲುವುದು ಏನು ಮಹಾ ಎಂದು ಹೇಮಾ ಅಂದುಕೊಂಡಿದ್ದಳು. ಮರುದಿನ ಬುತ್ತಿಯಿಂದ ರೊಟ್ಟಿ ತೆಗೆದು ಮೇಜಿನ ಮೇಲಿಟ್ಟು, ಮೊಬೈಲು ಚಾಲೂ ಮಾಡಿ, ಒಂದು ರೊಟ್ಟಿಯನ್ನು ಮೂವರು ಹಂಚಿಕೊಂಡರೆ ಒಬ್ಬರಿಗೆ ಹೆಚ್ಚು ಸಿಗುತ್ತದೋ, ನಾಲ್ವರು ಹಂಚಿಕೊಂಡರೋ, ಯಾಕೆ ಎಂದು ಕೇಳಿದಳು. ಕೇಳಿ ಬಾಯಿ ಮುಚ್ಚಿದಳು. ಮಕ್ಕಳು ಅರ್ಧ ಮಾತಿಗಾಗಿ ಕಾದರು. ಅದು ಬರಲಿಲ್ಲ. ಅವಳ ಮುಖ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೂ..." ಎಂಬುದು ಹೇಮಾಳ ನಾಲಗೆಯ ತುದಿಗೆ ಬಂದು ಕುಣಿಯಿತು. ಅವಳು ತುಟಿ ಕಚ್ಚಿ ಹಿಡಿದಳು. ಸದ್ದು ನಿಂತದ್ದಕ್ಕೇ ಇರಬೇಕು, ವಿದ್ಯಾಶ್ರೀ ಕಿಟಕಿಯಿಂದ ಮುಖ ಈಚೆ ತಿರುಗಿಸಿದಳು.

ಗುತ್ತೆವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಅಕ್ಕೋರ, ಆರಾಮ ಅದೀರಿಲ್ಲೋ? ದನೀನ ಬರವಲ್ದು." ಹೇಮಾ ಕೈಸನ್ನೆ ಮಾಡಿ ಕಳಿಸಿದಳು.

ಕಡೆಗೆ ಹುಲಗೇಶ ಎದ್ದು, ನಾಲ್ಕು ಮಂದಿಗೇ ಹೆಚ್ಚು, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದ. ಬೇರೆ ದಿನವಾಗಿದ್ದರೆ ಅವನನ್ನು ಕೂರಿಸಿ ಸರಿ ಉತ್ತರವನ್ನು ಅರ್ಧಕ್ಕೆ ಎಳೆಯುತ್ತಿದ್ದಳು. ಇಂದು ಅವನು ಹೇಳಿದ್ದು ಖರೆಯೇ ಎಂದು ಉಳಿದವರನ್ನು ಕೇಳಿ ಮತ್ತೆ ಸುಮ್ಮನಾದಳು.

"ಇಲ್ರೀ," ಎಂದಳು ವಿದ್ಯಾಶ್ರೀ. "ನಮ್ಮ ಅತ್ತಿ ಮಕ್ಕಳು ಬಂದಿದ್ರಲ್ರಿ, ಆವಾಗ ನನ್ನ ಪಾಲಿನ ಹೋಳಗಿ ಸಣ್ಣದಾತು. ಮಂದಿ ಹೆಚ್ಚಾದ್ರ ತುಣುಕು ಸಣ್ಣದಾಗ್ತೈತ್ರಿ." ಆ ಸಂಕಟ ಅವಳ ದನಿಯಲ್ಲಿ ಇನ್ನೂ ಆರಿರಲಿಲ್ಲ.

ಹುಲಗೇಶ ಒಪ್ಪಲಿಲ್ಲ. ತಾನೇ ಬಂದು ರೊಟ್ಟಿ ಮುರಿದ, ತುಣುಕಿನ ಮೇಲೆ ತುಣುಕಿಟ್ಟು ನೋಡಿದ, ತಲೆ ಕೆರೆದುಕೊಂಡ. ಮೇಜಿನ ಸುತ್ತ ವಾದಕ್ಕೆ ವಾದ ಬೆಳೆಯಿತು. ಹೇಮಾಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಗೋಡೆಗೆ ಒರಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಲ್ಲೇಶಪ್ಪನವರಿಗೆ ಹೇಮಾ ಕಳಿಸಿದ ಈ ಹೊಸ ಪಾಠ ಹಿಡಿಸಲಿಲ್ಲ. ಮೊದಲಿನದರಲ್ಲಿ ಎಷ್ಟು ಕಳೆ ಇತ್ತು, ಇದರಲ್ಲಿ ಅರ್ಧ ಹೊತ್ತು ಏನೂ ನಡೆಯುವುದೇ ಇಲ್ಲ, ಇಷ್ಟು ವರ್ಷ ಗಳಿಸಿದ ಹೆಸರನ್ನು ಎಲ್ಲರೆದುರು ಯಾಕೆ ಕಳೆದುಕೊಳ್ಳುತ್ತೀರಿ ಎಂದರು. ಹೇಮಾಳಿಗಿದ್ದ ಅಂಜಿಕೆಯೂ ಅದೇ. ಹೇಮಕ್ಕನ ಕ್ಲಾಸು ಸಪ್ಪಗಾಯಿತು ಎಂದು ನಾಲ್ಕು ತಾಲೂಕೂ ಆಡಿಕೊಳ್ಳಬಹುದು.

"ಮಂದಿ ನಗತಾರ್ರಿ, ಅಕ್ಕೋರ."

"ನಗ್ಲಿ ಬಿಡ್ರಿ ಸರ್. ಇದನ್ನ ತೋರಸ್ರಿ."

ಶಿಗ್ಗಾಂವದ ಸಭಾಂಗಣ ತುಂಬಿತ್ತು. ಜಯಶ್ರೀ ಕಂಡೊಡನೆ ಗುರುತು ಹಿಡಿದು ಬಂದಳು, ಇಷ್ಟೇ ಇಷ್ಟು ಎತ್ತರದ ಹುಡುಗಿ. ಪಕ್ಕದಲ್ಲೇ ಕುಳಿತು ಹೇಮಾಳ ಕೈ ಹಿಡಿದುಕೊಂಡಳು.

ಪರದೆಯ ಮೇಲೆ ಹೇಮಾ ರೊಟ್ಟಿ ತೋರಿಸಿ ಪ್ರಶ್ನೆ ಕೇಳಿದಳು. ಆಮೇಲೆ ಸದ್ದಿಲ್ಲ. ಹೊರಗೆ ಹೈವೇಯಲ್ಲಿ ಲಾರಿಯೊಂದು ಹೋದದ್ದು ಕೇಳಿಸಿತು. ಹಿಂದಿನಿಂದ ಯಾರೋ ಸೌಂಡು ಹೋಗಿದೆ ಎಂದರು, ಅಲ್ಲಲ್ಲಿ ನಗೆ ಎದ್ದಿತು. ಮಲ್ಲೇಶಪ್ಪನವರು ಧಡಕ್ಕನೆ ಎದ್ದು ಸ್ಪೀಕರಿನ ವೈರಿಗೆ ಕೈಹಾಕಿದರು.

ಹೇಮಾ ಎದ್ದು ನಿಂತಳು.

"ದನಿ ಐತ್ರಿ ಸರ್. ಸ್ವಲ್ಪ ತಡೀರಿ."

ಮಲ್ಲೇಶಪ್ಪನವರು ವೈರು ಹಿಡಿದುಕೊಂಡೇ ನಿಂತರು. ನಗು ಅಡಗಿತು, ಕುರ್ಚಿಗಳ ಕಿರಗುಟ್ಟುವಿಕೆಯೂ ನಿಂತಿತು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಮಾಸ್ತರರೊಬ್ಬರ ತುಟಿ ತಾನಾಗಿ "ಮೂ..." ಎಂದು ಮುಂದಕ್ಕೆ ಬಂದಿತ್ತು. ಅವರು ಮೆಲ್ಲಗೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ಪರದೆಯ ಮೇಲೆ ವಿದ್ಯಾಶ್ರೀ ಕಿಟಕಿಯಿಂದ ಮುಖ ಈಚೆ ತಿರುಗಿಸಿದಳು.