ಪವಿತ್ರಳ ಹೆಸರಿನಲ್ಲಿ

“ಏನಿತ್ತು ಅಂತ ಅಳಿಸಾಕ್ದೆ? ಯಾರ್ನ ಕೇಳಿ ಅಳಿಸಾಕ್ದೆ?”

“ನನ್ನದು ನಾನು ತೆಗೆದೆ ಅಪ್ಪ. ಯಾರನ್ನ ಕೇಳ್ಬೇಕಿತ್ತು?”

“ಮದ್ವೆ ಮಾತು ನಡೀತಿರೋ ಹುಡ್ಗಿಗೆ ಅದೇನ್ ಕಣಮ್ಮಿ ನಂದು ಅಂತ ಬ್ಯಾರೆ ಇರದು? ಬಚ್ಚಿಡೋ ಅಂಥದ್ದು ಇಲ್ದೆ ಯಾರಾದ್ರೂ ಇದ್ದಕ್ಕಿದ್ದಂಗೆ ಅಳಿಸ್ತಾರಾ?”

ಶಾಂತಮಲ್ಲಪ್ಪ ಕೂಗಿದ ಜೋರಿಗೆ ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅವನಿಗೆ ಅದರ ಪರಿವೆಯಿರಲಿಲ್ಲ. ಮೂರು ವರ್ಷದ ಹಿಂದೆ ಇದೇ ನಡುಮನೆಯಲ್ಲಿ ನಿಂತು, ಇದೇ ಗಂಟಲಿನಲ್ಲಿ, ಇಂಟರ್ನೆಟ್ಟಿನ ಆರ್ಕುಟ್ ಎಂಬ ಹಾಳು ಸಹವಾಸ ನಮಗೆ ಬೇಡ, ಕಂಡಕಂಡವರು ನೋಡುವ ಜಾಗದಲ್ಲಿ ಮನೆಮಗಳ ಫೋಟೊ ಯಾಕೆ ಎಂದು ರೇಗಾಡಿದ್ದವನೂ ಅವನೇ. ಅವನ ಹೆಂಡತಿ ಸೋಮಮ್ಮನಿಗೆ ಅದು ಚೆನ್ನಾಗಿ ನೆನಪಿತ್ತು. ತೆರೆದರೂ ಬೈಯ್ತೀರಿ, ಮುಚ್ಚಿದರೂ ಬೈಯ್ತೀರಿ, ಆ ಮಗು ಏನು ಮಾಡಬೇಕೋ ಒಂದು ಚೀಟಿಯಲ್ಲಿ ಬರೆದುಕೊಟ್ಟುಬಿಡಿ ಎಂದು ಅಡುಗೆಮನೆಯ ಬಾಗಿಲಿನಿಂದಲೇ ಹೇಳಿದಳು. ಅವಳನ್ನು ಅವನು ಸಾರು ನೋಡಲು ಕಳಿಸಿದ.

ಜಗಳ ಹುಟ್ಟಿದ್ದು ಒಂದು ಫೋನಿನಿಂದ. ಪವಿತ್ರಳಿಗೆ ಇಪ್ಪತ್ತೈದು, ಚಾಮರಾಜನಗರದ ಒಂದು ಖಾಸಗಿ ಕೇಂದ್ರದಲ್ಲಿ ಕಂಪ್ಯೂಟರ್ ಹೇಳಿಕೊಡುವ ಕೆಲಸ. ತಿಂಗಳ ಹಿಂದೆ ನಂಜನಗೂಡಿನಿಂದ ಗುರುಪಾದಸ್ವಾಮಿ ಎಂಬ ಹುಡುಗ ಬಂದು ಅವಳನ್ನು ನೋಡಿಕೊಂಡು ಹೋಗಿದ್ದ. ಕಾರ್ಖಾನೆಯಲ್ಲಿ ಸೂಪರ್‌ವೈಸರು, ದುರಭ್ಯಾಸವಿಲ್ಲ, ಮಾತು ಕಡಿಮೆ. ಅವರ ಕಡೆಯಿಂದ ಒಪ್ಪಿಗೆ ಬಂದಿತ್ತು. ಪವಿತ್ರ ಮಾತ್ರ ಇನ್ನೂ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಸ್ವಲ್ಪ ದಿನ ಕೊಡಿ ಎಂದಿದ್ದಳು. ಆ ಸ್ವಲ್ಪ ದಿನ ಮುಗಿಯುವ ಮೊದಲೇ ಹುಡುಗನ ಅಕ್ಕ ರಂಜಿನಿ ಫೋನು ಮಾಡಿ, ದಿನಾ ನಿಮ್ಮ ಹುಡುಗಿಯ ಆರ್ಕುಟ್ ನೋಡುತ್ತಿದ್ದೆವು, ಭಾನುವಾರದಿಂದ ಕಾಣುತ್ತಿಲ್ಲ, ಏನಾದರೂ ತೊಂದರೆಯಾ ಎಂದು ಕೇಳಿದ್ದಳು. ಕೇಳಿದ್ದು ಮೆಲ್ಲಗೇ. ಆ ಮೆಲುದನಿಯೇ ಶಾಂತಮಲ್ಲಪ್ಪನಿಗೆ ಮುಳ್ಳಾಗಿ ಚುಚ್ಚಿತು.

ಯಾಕೆ ತೆಗೆದೆ ಎಂಬುದನ್ನು ಪವಿತ್ರ ಸಮಾಧಾನವಾಗಿಯೇ ಹೇಳಿದಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಯಾರು ಏನು ಬರೆದಿರಬಹುದು ಎಂಬ ಯೋಚನೆ. ಪಾಠ ಹೇಳುವಾಗಲೂ ಅದೇ. ಸಂಜೆ ಸೈಬರ್ ಕೆಫೆಯಲ್ಲಿ ಒಂದು ಗಂಟೆ ಎಂದು ಕೂತರೆ ಎರಡಾಗುತ್ತಿತ್ತು.

“ತೆಗೆಯೋ ಮುಂಚೆ ಮೂರು ವರ್ಷದ್ದನ್ನೆಲ್ಲ ಕೂತು ಓದಿದೆ ಅಪ್ಪ. ಊಟ ಆಯ್ತಾ, ಏನ್ ಸಮಾಚಾರ, ಫೋಟೊ ಚೆನ್ನಾಗಿದೆ. ಮೂರು ವರ್ಷಕ್ಕೆ ಅಷ್ಟೇ ಇದ್ದದ್ದು. ನಾಚಿಕೆಯಾಯ್ತು.”

ಎರಡು ಮೂರು ಭಾನುವಾರಗಳಿಂದ ತೆರಕಣಾಂಬಿಯ ಮಂಚಮ್ಮ ಎಂಬ ಮುದುಕಿಯ ಹತ್ತಿರ ಈಚಲು ಚಾಪೆ ಹೆಣೆಯುವುದನ್ನು ಕಲಿಯುತ್ತಿದ್ದೇನೆ, ಒಂದು ಚಾಪೆಗೆ ತಿಂಗಳು ಹಿಡಿದರೂ ಹಿಡಿಯಲಿ, ಮನಸ್ಸಿಗೆ ಹಾಯಾಗಿದೆ ಎಂದಳು. ಬೆರಳುಗಳ ಮೇಲಿನ ಗೀರುಗಳನ್ನೂ ತೋರಿಸಿದಳು. ಮಂಚಮ್ಮ ಯಾವ ಕೇರಿಯವಳು ಎಂದು ಶಾಂತಮಲ್ಲಪ್ಪ ಕೇಳಲಿಲ್ಲ. ಕೇಳಿದ್ದರೆ ಅದು ಇನ್ನೊಂದು ಜಗಳವಾಗುತ್ತಿತ್ತು, ಅವನಿಗೆ ಈ ಜಗಳವನ್ನು ಮುಗಿಸಬೇಕಿತ್ತು.

ಅವಳ ಮಾತಿನಲ್ಲಿ ಒಂದಕ್ಷರವನ್ನೂ ಅವನು ನಂಬಲಿಲ್ಲ. ಇಪ್ಪತ್ತಾರು ವರ್ಷ ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನಲ್ಲಿ ಕಂಡಕ್ಟರನಾಗಿ ನಿಂತವನು ಅವನು. ಟಿಕೆಟ್ಟಿಲ್ಲದವನು ಕಿಟಕಿ ಕಡೆ ಮುಖ ತಿರುಗಿಸಿ ಕೂರುತ್ತಾನೆ, ನಿದ್ದೆ ಬಂದವನಂತೆ ತಲೆ ವಾಲಿಸುತ್ತಾನೆ, ಇಲ್ಲವಾದರೆ ಕೇಳದೆಯೇ ಇಷ್ಟುದ್ದ ಕಾರಣ ಹೇಳುತ್ತಾನೆ. ಮಗಳು ಹೇಳಿದ್ದು ಇಷ್ಟುದ್ದವೇ ಇತ್ತು. ನಾಲ್ಕು ಜನ ಸ್ನೇಹಿತರನ್ನು ಬಿಟ್ಟು ಯಾರಾದರೂ ಚಾಪೆ ಹೆಣೆಯಲು ಹೋಗುತ್ತಾರೆಯೇ? ಹಣ ಕೊಟ್ಟರೆ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಬಣ್ಣಬಣ್ಣದ್ದು ಸಿಗುತ್ತದೆ.

ಮಾರನೆಯ ದಿನ ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಸ್‌ಸ್ಟ್ಯಾಂಡಿನ ಎದುರಿನ ಜಾಕಿರ್‌ನ ಸೈಬರ್‌ಗೆ ಹೋದ. ಪವಿತ್ರ ಮೂರು ವರ್ಷ ಹೋಗುತ್ತಿದ್ದದ್ದು ಅಲ್ಲಿಗೇ. ಅವಳಿಗೆ ಯಾರು ಯಾರು ಬರೆಯುತ್ತಿದ್ದರು ತೆಗೆದು ತೋರಿಸು ಎಂದ. ಅಳಿಸಿದ ಮೇಲೆ ತನಗೂ ಕಾಣುವುದಿಲ್ಲ ಎಂದ ಜಾಕಿರ್. ಈ ಮಾತನ್ನೂ ಶಾಂತಮಲ್ಲಪ್ಪ ನಂಬಲಿಲ್ಲ. ಇವನೂ ಅವಳ ಪರವಾಗಿಯೇ ಇರಬೇಕು ಎಂದುಕೊಂಡ.

ಭಾನುವಾರ ವಾರದ ರಜೆ ಹಾಕಿಸಿಕೊಂಡು ಅವಳು ಹೋದ ಮೇಲೆ ಬಂದ ಬಸ್ಸಿನಲ್ಲಿ ಹೊರಟ. ಆ ಬಸ್ಸಿನ ಕಂಡಕ್ಟರ್ ದೊಡ್ಡಮಾದಯ್ಯ ಜೊತೆಗಾರ.

“ಏನ್ ಶಾಂತಮಲ್ಲಣ್ಣ, ರಜಾ ದಿನ್ವೂ ಬಸ್ಸು ಬುಟ್ಟು ಇರಕ್ಕಾಗಲ್ವಾ? ಅತ್ಗೆಮ್ಮ ಮನೆಯಿಂದ ಆಚೆಗಾಕಿದ್ರಾ?” ಎಂದು ಕಿಚಾಯಿಸಿದ. ಶಾಂತಮಲ್ಲಪ್ಪ ಸಿಡುಕು ಮುಖದಲ್ಲೇ ತೆರಕಣಾಂಬಿಯಲ್ಲಿ ಇಳಿದ.

ಊರಾಚೆ ಒಂದು ಹೊಂಗೆಮರದ ಕೆಳಗೆ ಪವಿತ್ರ ಕೂತಿದ್ದಳು. ಎದುರಿಗೆ ಒಬ್ಬ ಮುದುಕಿ ಕಾಲು ಚಾಚಿಕೊಂಡು, ನೆನೆಸಿದ ಈಚಲು ಗರಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಸೀಳುತ್ತಿದ್ದಳು. ನಿಲ್ಲಿಸಿದ್ದ ಟ್ರಾಕ್ಟರ್ ಟ್ರೇಲರಿನ ಮರೆಯಲ್ಲಿ ಶಾಂತಮಲ್ಲಪ್ಪ ಒಂದು ಗಂಟೆ ನಿಂತ. ಪವಿತ್ರ ಒಂದು ಗೇಣು ಹೆಣೆದಳು, ತಪ್ಪಾಗಿದೆಯೆಂದು ಮುದುಕಿ ತೋರಿಸಿದಾಗ ಅಷ್ಟನ್ನೂ ಬಿಚ್ಚಿದಳು, ಮತ್ತೆ ಹೆಣೆದಳು. ಮಧ್ಯೆ ಒಬ್ಬ ಸೈಕಲ್ಲಿನಲ್ಲಿ ಬಂದು ನಿಂತಾಗ ಶಾಂತಮಲ್ಲಪ್ಪ ಟ್ರೇಲರಿನ ಅಂಚಿಗೆ ಸರಿದು ಕತ್ತು ಚಾಚಿದ. ಸೈಕಲ್ಲಿನವನು ಮಂಚಮ್ಮನ ಹತ್ತಿರ ಸುಣ್ಣ ಇಸಿದುಕೊಂಡು, ಎಲೆಗೆ ಹಚ್ಚಿಕೊಂಡು ಹೊರಟುಹೋದ. ಪವಿತ್ರ ತಲೆಯನ್ನೂ ಎತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮನಸ್ಸು ತಿಳಿಯಾಗುತ್ತಿತ್ತು. ಇವನಿಗೆ ಇನ್ನೂ ಕದಡಿತು. ಒಬ್ಬ ಗಂಡಸೂ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡಿದ್ದಾಳೆಂದರೆ ಒಳಗೆ ಎಷ್ಟು ಗಟ್ಟಿಯಾದದ್ದು ಏನೋ ಇರಬೇಕು ಎಂದು ಯೋಚಿಸುತ್ತ ವಾಪಸ್ಸು ಬಸ್ಸು ಹತ್ತಿದ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

ಅಷ್ಟರಲ್ಲಿ ರಂಜಿನಿ ಎರಡನೆಯ ಸಲ ಫೋನು ಮಾಡಿದಳು. ಈ ಸಲ ಕೇಳಿದ್ದು ಸೋಮಮ್ಮನನ್ನು, ಹುಡುಗಿಗೆ ಸಂಬಂಧ ಇಷ್ಟವಿಲ್ಲವೇ ಎಂದು. ಇನ್ನು ತಡೆದರೆ ಕೈತಪ್ಪುತ್ತದೆ ಎಂದು ಶಾಂತಮಲ್ಲಪ್ಪನಿಗೆ ಅನ್ನಿಸಿತು. ಬಯೋಡೇಟಾಕ್ಕೆಂದು ತೆಗೆಸಿದ್ದ ಮಗಳ ಫೋಟೊವನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಜಾಕಿರ್‌ನ ಹತ್ತಿರ ಹೋದ. ಹಳೆಯದು ಬರುವುದಿಲ್ಲವಾದರೆ ಹೊಸದು ಮಾಡು ಎಂದ.

ಜಾಕಿರ್ ಕೀಲಿಮಣೆಯಿಂದ ಕೈ ತೆಗೆದ. “ಹೆಸ್ರು ಅವ್ರದ್ದು, ಮಾತು ನಿಮ್ದು ಆಗ್ತದೆ ಅಣ್ಣ. ಬ್ಯಾಡ. ಮೇಡಮ್ಮನ್ನೇ ಕರ್ಕೊಂಡು ಬನ್ನಿ.”

“ನಾನು ಅವ್ಳಪ್ಪ ಕಣಯ್ಯ. ಅವ್ಳಿಗೆ ಹೆಸ್ರಿಟ್ಟೋನೇ ನಾನು.”

ಜಾಕಿರ್ ಹತ್ತು ವರ್ಷದಿಂದ ಶಾಂತಮಲ್ಲಪ್ಪನ ಬಸ್ಸಿನಲ್ಲಿ ಓಡಾಡಿದವನು, ಮುಖ ಮುರಿಯಲಾರದೆ ಮಾಡಿಕೊಟ್ಟ.

ಎರಡನೆಯ ದಿನಕ್ಕೇ ಹೊಸ ಆರ್ಕುಟ್ ಕಂಡು ಗುರುಪಾದಸ್ವಾಮಿ ಬರೆದ. ಮದುವೆಗೆ ಮೊದಲು ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವುದು ಬೇಡ ಎಂದು ಶಾಂತಮಲ್ಲಪ್ಪನೇ ಕಟ್ಟು ಮಾಡಿದ್ದರಿಂದ ಆ ಹುಡುಗನಿಗೂ ಬೇರೆ ದಾರಿಯಿರಲಿಲ್ಲ. ಹೇಗಿದ್ದೀರಿ ಎಂದು ಕೇಳಿದ್ದ. ಶಾಂತಮಲ್ಲಪ್ಪ ಜಾಕಿರ್‌ನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹಳ್ಳಿಶಾಲೆಯ ಮೇಷ್ಟರು ಕಾಗದ ಬರೆಯುವುದನ್ನು ಕಲಿಸಿದ್ದ ಕ್ರಮದಲ್ಲೇ ಹೇಳಿ ಬರೆಸಿದ: ಉಭಯಕುಶಲೋಪರಿ, ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುವುದು, ನಿಮ್ಮ ತಂದೆ ತಾಯಿಯವರ ಪಾದಗಳಿಗೆ ನಮಸ್ಕಾರ ತಿಳಿಸುವುದು. ಜಾಕಿರ್ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ. ನಗು ತಡೆಯಲು ಎದ್ದು ಹೋಗಿ ನೀರು ಕುಡಿದು ಬಂದ.

ಹೀಗೆ ಐದಾರು ವಾರ ನಡೆಯಿತು. ಒಂದು ದಿನ ತಪ್ಪಿದರೆ ಶಾಂತಮಲ್ಲಪ್ಪನಿಗೆ ಕಸಿವಿಸಿ. ಗುಂಡ್ಲುಪೇಟೆಯಿಂದ ವಾಪಸ್ಸಾಗುವ ಟ್ರಿಪ್ಪಿನಲ್ಲಿ, ಹುಡುಗ ಇವತ್ತು ಏನು ಬರೆದಿರಬಹುದು ಎಂದು ಯೋಚಿಸುತ್ತ ಚಿಲ್ಲರೆ ಕೊಡುವುದನ್ನೇ ಮರೆಯುತ್ತಿದ್ದ. ಮಗಳು ಅದೇ ಹೊತ್ತಿನಲ್ಲಿ ಹಿತ್ತಲಲ್ಲಿ ಕೂತು, ಹೆಣೆದ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯುತ್ತಿರುತ್ತಿದ್ದಳು. ಅವಳು ಈಗ ಹಗುರವಾಗಿ ನಗುತ್ತಾಳೆ, ಒಂದೊಂದು ಸಲ ಹಾಡಿಕೊಳ್ಳುತ್ತಾಳೆ ಎಂದು ಸೋಮಮ್ಮ ಹೇಳಿದರೆ, ಹಾಡೋಕೆ ಕಾರಣ ಏನು ಅಂತ ವಿಚಾರಿಸು ಎನ್ನುತ್ತಿದ್ದ.

ಒಂದು ದಿನ ಗುರುಪಾದಸ್ವಾಮಿ ನೇರವಾಗಿ ಕೇಳಿದ: ಈ ಸಂಬಂಧಕ್ಕೆ ನಿಮಗೆ ಮನಸ್ಸಿದೆಯಾ, ಸಂಕೋಚವಿಲ್ಲದೆ ಹೇಳಿ. ಜಾಕಿರ್ ಅದನ್ನು ಎರಡು ಸಲ ಓದಿ ಹೇಳಿ, ಇದಕ್ಕೆ ಮಾತ್ರ ನಾನು ಬರೆಯುವುದಿಲ್ಲ ಅಣ್ಣ, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದ. ಶಾಂತಮಲ್ಲಪ್ಪ ಕೇಳಲಿಲ್ಲ. ಕೇಳಿದರೆ ಅವಳು ಇನ್ನೂ ಸ್ವಲ್ಪ ದಿನ ಎನ್ನುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಜಾಕಿರ್‌ನ ಕೈ ಸರಿಸಿ, ಒಂದೊಂದೇ ಅಕ್ಷರವನ್ನು ಹುಡುಕಿ ಹುಡುಕಿ, ಪೂರ್ಣ ಒಪ್ಪಿಗೆ ಇದೆ ಎಂದು ತಾನೇ ಒತ್ತಿದ. ಅವರ ಕಡೆಯವರು ಯಾರಾದರೂ ಇವಳನ್ನು ತೆರಕಣಾಂಬಿಯಲ್ಲಿ ನೋಡಿಯೇ ಇರುತ್ತಾರೆ ಎಂಬ ಅನುಮಾನವೂ ಇದ್ದದ್ದರಿಂದ, ಮದುವೆಯಾದ ಮೇಲೆ ಕೆಲಸ ಬಿಡುತ್ತೇನೆ, ಚಾಪೆ ಹೆಣೆಯುವುದನ್ನೂ ಬಿಡುತ್ತೇನೆ ಎಂದು ಸೇರಿಸಿದ.

ಅದಾದ ಎರಡನೆಯ ವಾರ ಗುರುಪಾದಸ್ವಾಮಿ, ಅವನ ತಂದೆ ಮತ್ತು ರಂಜಿನಿ ಬಂದರು. ಸುಮ್ಮನೆ ಬಂದುಹೋಗುತ್ತಾರಂತೆ ಎಂದಷ್ಟೇ ಮನೆಯಲ್ಲಿ ಶಾಂತಮಲ್ಲಪ್ಪ ಹೇಳಿದ್ದ. ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಎಂಬುದನ್ನು ನುಂಗಿಕೊಂಡಿದ್ದ. ಪವಿತ್ರ ತಾನು ಮುಗಿಸಿದ ಮೊದಲ ಚಾಪೆಯನ್ನೇ ಅವರಿಗೆ ಹಾಸಿದಳು. ಅಂಚು ಸ್ವಲ್ಪ ಸೊಟ್ಟಗಿತ್ತು. ರಂಜಿನಿ ಅದರ ಮೇಲೆ ಕೈಯಾಡಿಸಿ, ಎಷ್ಟು ಚೆನ್ನಾಗಿದೆ, ಇದನ್ನ ಬಿಡಬೇಡಿ ಎಂದಳು.

“ಯಾಕೆ ಬಿಡ್ತೀನಿ?” ಎಂದಳು ಪವಿತ್ರ.

“ನೀವೇ ಬರೆದಿದ್ರಲ್ಲ, ಕೆಲ್ಸಾನೂ ಬಿಡ್ತೀನಿ, ಚಾಪೆನೂ ಬಿಡ್ತೀನಿ ಅಂತ. ನಾವು ಯಾರೂ ಹಾಗೆ ಕೇಳಿರ್ಲಿಲ್ಲಪ್ಪ. ಆರ್ಕುಟ್‌ನಲ್ಲಿ ಓದಿ ನಮ್ಮ ತಮ್ಮನೂ ಬೇಜಾರು ಮಾಡ್ಕೊಂಡ.”

“ನನಗೆ ಆರ್ಕುಟ್ ಇಲ್ಲ. ತೆಗೆದು ಎರಡು ತಿಂಗಳಾಯ್ತು.”

ಗುರುಪಾದಸ್ವಾಮಿ ಕಾಫಿ ಲೋಟ ಕೆಳಗಿಟ್ಟ. “ಹಾಗಾದ್ರೆ ಇಷ್ಟು ದಿನ ನಾನು ಮಾತಾಡಿದ್ದು ಯಾರ ಜೊತೆ?”

ಆ ಸೈಬರ್‌ನವನೇ ಏನೋ ಕಿತಾಪತಿ ಮಾಡಿರಬೇಕು ಎಂದು ಶಾಂತಮಲ್ಲಪ್ಪ ಶುರುಮಾಡಿದ. ಮಾತು ಮುಗಿಯುವ ಮೊದಲೇ, ಪ್ರತಿ ಸಲವೂ ಉಭಯಕುಶಲೋಪರಿ ಎಂದೇ ಶುರುವಾಗುತ್ತಿತ್ತು, ನನಗೆ ಅದು ಇಷ್ಟವಾಗಿತ್ತು ಎಂದ ಗುರುಪಾದಸ್ವಾಮಿ, ಪವಿತ್ರಳನ್ನೇ ನೋಡುತ್ತ. ಪವಿತ್ರ ಅಪ್ಪನನ್ನು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿದ್ದ ಸೋಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಮನೆಯಿಂದ ಹೋದ ಕಾಗದಗಳನ್ನೆಲ್ಲ ಉಭಯಕುಶಲೋಪರಿ ಎಂದೇ ಶುರುಮಾಡುತ್ತಿದ್ದದ್ದು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು.

“ನಾನೇ ಬರ್ಸ್ದೆ,” ಎಂದ ಶಾಂತಮಲ್ಲಪ್ಪ. “ಏನೀಗ? ಅವ್ಳ ಒಳ್ಳೇದಕ್ಕೆ ಬರ್ಸ್ದೆ.”

“ಒಪ್ಪಿಗೆ ಇದೆ ಅಂತ ಬರೆದಿದ್ದೂ ನೀವೇನಾ?” ಎಂದು ಗುರುಪಾದಸ್ವಾಮಿ ಕೇಳಿದ. ಶಾಂತಮಲ್ಲಪ್ಪ ಕಿಟಕಿ ಕಡೆ ಮುಖ ತಿರುಗಿಸಿದ. ಹುಡುಗ ಪವಿತ್ರಳ ಕಡೆ ತಿರುಗಿ, ನಿಮ್ಮನ್ನೇ ಕೇಳಿದ್ದರೆ ಏನು ಹೇಳುತ್ತಿದ್ದಿರಿ ಎಂದ.

“ಒಂದು ಗಂಟೆ ಕೂತು ಮಾತಾಡೋಣ ಅಂತಿದ್ದೆ. ಆಮೇಲೆ ಹೇಳ್ತಿದ್ದೆ.”

ಹುಡುಗನ ತಂದೆ ಅಷ್ಟರಲ್ಲಿ ಎದ್ದು ಚಪ್ಪಲಿ ಮೆಟ್ಟಿಯಾಗಿತ್ತು. ಇಂಥ ಮನೆಯಲ್ಲಿ ಯಾರ ಮಾತನ್ನು ಯಾರದೆಂದು ನಂಬುವುದು ಎಂದು ಬೀದಿಯಲ್ಲಿ ನಿಂತು ಹೇಳಿದರು. ಅವರ ಹಿಂದೆ ಮಕ್ಕಳೂ ಹೋದರು.

ಶಾಂತಮಲ್ಲಪ್ಪ ಬಾಗಿಲು ಹಾಕಿ ಬಂದು ಮಗಳ ಎದುರಿಗೆ ನಿಂತ. ತಪ್ಪಾಯಿತು ಎನ್ನಬೇಕೆಂದುಕೊಂಡೇ ಬಂದಿದ್ದ. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ.

“ಈಗ್ಲಾದ್ರೂ ನಿಜ ಹೇಳ್ಬುಡು. ಯಾರವ್ನು? ಯಾರ್ಗೋಸ್ಕರ ಅಳಿಸ್ದೆ?”

ಪವಿತ್ರ ಕೂಗಾಡಲಿಲ್ಲ. ಒಳಗೆ ಹೋಗಿ ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ಬಂದಳು. ಗುಂಡ್ಲುಪೇಟೆಯಲ್ಲಿ ಗೆಳತಿ ಪುಟ್ಟಿಯ ಕೋಣೆ ಇದೆ, ಅಲ್ಲಿರುತ್ತೇನೆ, ಅಲ್ಲಿಂದಲೇ ಕೆಲಸಕ್ಕೆ ಬರುತ್ತೇನೆ ಎಂದು ಅಮ್ಮನಿಗೆ ಹೇಳಿದಳು. ಸೋಮಮ್ಮ ಬೇಡವೆನ್ನಲಿಲ್ಲ, ಡಬ್ಬಿಗೆ ಉಪ್ಪಿನಕಾಯಿ ಹಾಕಿಕೊಟ್ಟಳು.

ಬಾಗಿಲಲ್ಲಿ ಪವಿತ್ರ ಅಪ್ಪನ ಕಡೆ ತಿರುಗಿದಳು. “ಇಲ್ಲಿ ನಾನು ಹೂಂ ಅಂದ್ರೂ ನಿಮ್ಮದೇ, ಊಹೂಂ ಅಂದ್ರೂ ನಿಮ್ಮದೇ. ನನ್ನದು ಅಂತ ಒಂದು ಮಾತು ಇರೋ ಕಡೆ ಇರ್ತೀನಿ ಅಪ್ಪ.”

“ಹೋಗಲಿ ಬುಡು, ಹೊಟ್ಟೆ ಹಸ್ದ್ರೆ ಬತ್ತಾಳೆ,” ಎಂದು ಶಾಂತಮಲ್ಲಪ್ಪ ಸೋಮಮ್ಮನಿಗೆ ಕೇಳುವಂತೆ ಹೇಳಿದ. ಕಿಟಕಿಗೆ ಹೋಗಿ, ತಿರುವಿನಲ್ಲಿ ಅವಳಿಗಾಗಿ ಯಾರಾದರೂ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆಯೇ ಎಂದು ಇಣುಕಿ ನೋಡಿದ. ಯಾರೂ ಇರಲಿಲ್ಲ. ಅವಳೊಬ್ಬಳೇ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ತಿರುವು ದಾಟಿದಳು.

ಸೋಮಮ್ಮ ಆ ಸಂಜೆ ಮೂವರಿಗೆ ಅಕ್ಕಿ ಹಾಕಿದಳು, ಮಾರನೆಯ ದಿನವೂ ಮೂವರಿಗೇ ಹಾಕಿದಳು. ವಾರ ಕಳೆದ ಮೇಲೆ ಇಬ್ಬರಿಗೆ ಹಾಕತೊಡಗಿದಳು.