ಏಳು ಒಂದುಗಳ ದಿಮ್ಮಿ

ದಾಂಡೇಲಿಯ ನಾಟಾ ಡಿಪೋದಲ್ಲಿ ಪ್ರತಿ ದಿಮ್ಮಿಯ ತುದಿಗೂ ಸುತ್ತಿಗೆಯಿಂದ ನಂಬರು ಒತ್ತುವವನು ಜೇವಿಯರ್. ಅಂಕಿಗೊಂದು ಸುತ್ತಿಗೆ. ೧೯೬೨ರ ಜನವರಿಯಲ್ಲಿ, ನಾನು ಗುಮಾಸ್ತನಾಗಿ ಸೇರಿದ ವಾರವೇ, ಅವೆಲ್ಲ ಕಮ್ಮಾರನಲ್ಲಿಗೆ ಹೋಗಿ, ಒಂದು ಅಂಕಿಯ ಸುತ್ತಿಗೆ ಮಾತ್ರ ಮೊದಲು ತಿರುಗಿ ಬಂತು. ಹೆಂಗಿದೆ ನೋಡಲು ಜೇವಿಯರ್ ಒಂದು ಕಸದ ತುಂಡಿಗೆ ಏಳು ಸಲ ಹೊಡೆದ. ೧೧,೧೧,೧೧೧.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಭಾಗಿಸತೊಡಗಿದೆ. ಏಳರಿಂದ ಒಂದು ಉಳಿಯಿತು. ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲಕ್ಕೂ ಒಂದೇ ಉಳಿಯಿತು. ಇದನ್ನು ಯಾವುದೂ ಒಡೆಯಲಾರದು ಎಂದು ಆ ಸಂಜೆಯೇ ಹಳಿಯಾಳದ ನಮ್ಮ ಗಣಿತದ ಬಸಲಿಂಗಯ್ಯ ಮಾಸ್ತರರಿಗೆ ಕಾಗದ ಹಾಕಿದೆ. ಶಾಲೆಯಲ್ಲಿ ಅವರು ನನ್ನನ್ನು 'ಅವಸರದ ಅಂದಾನೆಪ್ಪ' ಎಂದೇ ಕರೆಯುತ್ತಿದ್ದರು. ಆ ಹೆಸರು ಅಳಿಯಬೇಕಿತ್ತು. ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಹುಡುಗರೆದುರು ಸಾಧಿಸಿ ತೋರಿಸು ಎಂದು ಉತ್ತರ ಬಂತು.

ಭಾಗ ಹೋಗುವುದಾದರೆ, ಗುಣಿಸಿದಾಗ ಈ ಸಂಖ್ಯೆ ಕೊಡುವ ಜೋಡಿಯಲ್ಲಿ ಚಿಕ್ಕದು ೧೦೫೪ ದಾಟುವಂತಿಲ್ಲ. ೧೦೫೫ನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆ ಮೀರುತ್ತದೆ. ಅಂಗಳದಲ್ಲಿ ಅಷ್ಟು ದಿಮ್ಮಿಗಳು ನಂಬರಿನ ಪ್ರಕಾರ ಸಾಲಾಗಿ ಬಿದ್ದಿದ್ದವು. ಜೇವಿಯರನ ಮಗಳು ಅಗ್ನೆಸ್, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಪ್ಪನ ಬುತ್ತಿ ತಂದಾಗ ಜೊತೆಗೂಡಿದಳು. ಆಯಾ ದಿಮ್ಮಿಯ ನಂಬರಿನಿಂದಲೇ ಭಾಗಿಸುವುದು, ಉಳಿದದ್ದನ್ನು ಅದರ ತುದಿಗೆ ಸುಣ್ಣದ ಕಡ್ಡಿಯಲ್ಲಿ ಬರೆಯುವುದು. ಎರಡು, ಮೂರು, ಐದರ ಮಗ್ಗಿಯವನ್ನು ಬಿಟ್ಟೆವು. ಸೋಮವಾರದ ಹಿಂದಿನ ಶನಿವಾರದ ಹೊತ್ತಿಗೆ ಕೊನೆಯದಾದ ೧೦೫೧ಕ್ಕೆ ಬಂದು ಮುಟ್ಟಿದೆವು. ಎಲ್ಲೂ ಸೊನ್ನೆ ಇಲ್ಲ.

ಹಿಗ್ಗಿನಲ್ಲಿ ನಾನು ಜೇವಿಯರನ ಪಕ್ಕ ಕೂತು ಅವನ ರೊಟ್ಟಿ ಮುರಿದೆ. ಅಗ್ನೆಸ್ ಮಾತ್ರ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ನಡೆದು ಬಂದಳು.

"ಇನ್ನೂರಾ ಮೂವತ್ತೆಂಟರ ಮುಂದ ಸೀದಾ ನಲವತ್ತೈತ್ರಿ. ನಡುವಿಂದು ಎಲ್ಲಿ?"

ಲಾರಿಗೆ ಹೋಗಿರಬೇಕು, ಸಾವಿರದಲ್ಲಿ ಒಂದಕ್ಕೆ ಏನಾಗುತ್ತದೆ ಎಂದೆ.

"ದಿಮ್ಮಿ ಹೋದ್ರ ನಂಬರೂ ಹೊಕ್ಕತೇನ್ರಿ?" ಎಂದಳು.

ಜೇವಿಯರ್ ರೊಟ್ಟಿ ಕೆಳಗಿಟ್ಟು ನಗತೊಡಗಿದ. ಕೂರಲು ಬೇಕೆಂದು ಒಂದು ದಿಮ್ಮಿಯನ್ನು ತಾನೇ ನೆರಳಿಗೆ ಉರುಳಿಸಿಕೊಂಡಿದ್ದನಂತೆ. ನಾವು ಎದ್ದು, ಕೂತಿದ್ದ ದಿಮ್ಮಿಯ ತುದಿಯ ಮಣ್ಣು ಒರೆಸಿದೆವು. ೨೩೯.

"ತಿಂಗಳಾತು, ಅದರ ಮ್ಯಾಲ ಕುಂತ ಜಂಬ ಕೊಚ್ಚಾಕತ್ತೀರಿ ಸಾಹೇಬ್ರ," ಎಂದ ಜೇವಿಯರ್.

ಅಗ್ನೆಸ್ ಭಾಗಿಸಿದಳು. ೪೬೪೯, ಉಳಿದದ್ದು ಸೊನ್ನೆ. ನನ್ನ ಕಿವಿ ಬಿಸಿಯಾದವು. ಆದರೂ ಆ ಎರಡು ಸಂಖ್ಯೆಗಳನ್ನು ಗುಣಿಸಿ, ಏಳು ಒಂದುಗಳು ಒಂದರ ಹಿಂದೊಂದು ಸಾಲಾಗಿ ಇಳಿದದ್ದು ನೋಡಿದಾಗ ಸೋತದ್ದೇ ಮರೆತುಹೋಯಿತು. ಇನ್ನೊಮ್ಮೆ ಗುಣಿಸಿದೆ, ಬರೀ ಖುಷಿಗೆ.

ಸೋಮವಾರ ಅಪ್ಪ-ಮಗಳಿಬ್ಬರನ್ನೂ ಹಳಿಯಾಳದ ಬಸ್ಸು ಹತ್ತಿಸಿಕೊಂಡೆ. ಹಲಗೆಯ ಮೇಲೆ ಗುಣಾಕಾರ ಮಾಡಿದವಳು ಅಗ್ನೆಸ್. ತಪ್ಪಿದ್ದು ಹೇಗೆಂದು ನಾನು ಬಿಡದೆ ಹೇಳಿದೆ; ಹುಡುಗರು ಬಿದ್ದು ಬಿದ್ದು ನಕ್ಕರು.

ಬಸಲಿಂಗಯ್ಯ ಮಾಸ್ತರರು ಕನ್ನಡಕ ಒರೆಸಿಕೊಂಡು, "ಅವಸರದಾಂವ ಅವಸರದಾಂವನ," ಎಂದು ಅಗ್ನೆಸಳತ್ತ ತಿರುಗಿದರು. "ಆದ್ರ ಈ ಸಲ ಗುರುವನ್ನ ಚೊಲೊ ಹುಡುಕ್ಯಾನ."