ಕಡಲ ದಂಡು ತಲೆ ತಗ್ಗಿಸಿದ್ದು

ಕಿಟಕಿಯ ಗಾಜಿನ ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದು ಅರ್ಧಕ್ಕೆ ಬಿಟ್ಟ ಹೆಸರು, ಅದರಾಚೆ ಹಿಂದಕ್ಕೆ ಓಡುವ ತೆಂಗಿನ ಸಾಲು, ಸಾಲಿನ ನಡುವೆ ಮಧ್ಯಾಹ್ನದ ಬಿಸಿಲು ಒಮ್ಮೆ ಹೊಳೆದು ಒಮ್ಮೆ ಆರುತ್ತದೆ—ಬಸ್ಸು ಅರಸೀಕೆರೆ ಬಿಟ್ಟು ಎಷ್ಟು ಹೊತ್ತಾಯಿತು, ಜಾವಗಲ್ ಬಂತೇ, ದಾಟಿತೇ, ಯಶೋಧರೆಗೆ ತಿಳಿಯದು, ತಿಳಿದಿರುವುದು ತೊಡೆಯ ಮೇಲಿನ ರಟ್ಟಿನ ಡಬ್ಬಿಯ ಭಾರವೊಂದೇ, ಅದರೊಳಗೆ ಹತ್ತಿಯಲ್ಲಿ ಸುತ್ತಿ ಮಲಗಿಸಿದ ಐದು ಬೊಂಬೆಗಳು, ಬಳಪದ ಕಲ್ಲಿನವು, ಅಂಗೈ ಉದ್ದದವು, ಅಪ್ಪ ಕೆತ್ತಿದವು, ಬೆಂಗಳೂರಿಗೆ ಹೋಗಿ ಬೇಡವೆನ್ನಿಸಿಕೊಂಡು ಬಂದವು. ಮೇಲಿನ ಕಂಬಿಯಲ್ಲಿ ಜಾಗ ಐತಲ್ಲಮ್ಮ, ಅಲ್ಲಿಕ್ಕಿ, ಎಂದು ಕಂಡಕ್ಟರು ಎರಡು ಸಲ ಹೇಳಿದ, ಮೇಲೆ ಎಂಬ ಮಾತಿಗೇ ಅವಳ ಕೈ ಡಬ್ಬಿಯನ್ನು ಅವುಚಿಕೊಂಡಿತು, ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಮುದುಕಿ ಅದನ್ನು ಕಂಡು, ಏನವ್ವ, ಮೊಟ್ಟೆನಾ, ಎಂದಳು, ಅಲ್ಲ ಅಜ್ಜಿ, ಬೊಂಬೆ, ಯಾವ್ ದೇವ್ರುದು, ದೇವರದ್ದಲ್ಲ, ಕಳ್ಳರದ್ದು, ಕಳ್ಳರ್ನ ತೊಡೆ ಮ್ಯಾಲ್ ಕುಂಡ್ರಿಸ್ಕೊಂಡು ಹೊಂಟಿದ್ದೀಯಲ್ಲ ತಾಯಿ, ಎಂದು ಮುದುಕಿ ನಕ್ಕಾಗ ನಗು ಯಶೋಧರೆಯ ತುಟಿಯವರೆಗೆ ಬಂದು ಅಲ್ಲಿಯೇ ಒಣಗಿತು, ಹಳೇಬೀಡಿನಲ್ಲಿ ಅಪ್ಪ ಕಾಯುತ್ತಿದ್ದಾನೆ, ಏನಂದ್ರು ಎಂದು ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ.

ಕಳ್ಳರೇ ಹೌದು. ಮೇಜಿನ ಮೇಲೆ ಆಡುವ ಯುದ್ಧದ ಆಟವಂತೆ, ಬೆರಳುದ್ದದ ಬೊಂಬೆಗಳ ಎರಡು ಪಡೆ, ದಾಳ ಉರುಳಿಸುವುದು, ಪಟ್ಟಿ ಹಿಡಿದು ದೂರ ಅಳೆಯುವುದು, ಬೊಂಬೆಯನ್ನು ಅಷ್ಟು ದೂರ ನಡೆಸುವುದು. ಅದರಲ್ಲಿ ಹೊಸದೊಂದು ಕುಲ ಬೇಕಿತ್ತು ಶಶಿಕಿರಣನಿಗೆ, ಆಟ ತಯಾರಿಸುವ ಆ ಬೆಂಗಳೂರಿನ ಯುವಕನಿಗೆ, ಗುಡಿಯ ಗೋಡೆಯ ಮಕರಗಳ ಸಾಲನ್ನು ನೋಡಲು ಹಳೇಬೀಡಿಗೆ ಬಂದವನು ರಸ್ತೆಯ ಬದಿಯಲ್ಲಿ ಅಪ್ಪ ಹುಚ್ಚಣ್ಣನ ತಗಡಿನ ಚಪ್ಪರ ಕಂಡು ಒಳಗೆ ಬಗ್ಗಿದ. ಶಾರ್ಕ್ ಮೀನಿನ ತಲೆ, ಮನುಷ್ಯನ ತೋಳು ತೊಡೆ, ಬೆನ್ನಿಗೆ ಈಜುರೆಕ್ಕೆ, ಕತ್ತಿನ ಎರಡೂ ಬದಿಗೆ ಐದೈದು ಕಿವಿರುಸೀಳು, ಭರತದ ನೀರಿನೊಂದಿಗೆ ದಡಕ್ಕೆ ಏರಿ ಊರು ಸುಲಿದು ಇಳಿತಕ್ಕೆ ಮುನ್ನ ಮಾಯವಾಗುವ ಕಡಲುಗಳ್ಳರು, ಈಜು ನಿಲ್ಲಿಸಿದರೆ ಕಿವಿರಿಗೆ ಉಸಿರು ಸಿಗದೆ ಸಾಯುವವರು—ಅವನು ಕೊಟ್ಟ ಹಾಳೆಯಲ್ಲಿ ಹೀಗೆಲ್ಲ ಬರೆದಿತ್ತು, ಅವಳೇ ಓದಿ ಹೇಳಿದಳು, ಕುಲದ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ಅಪ್ಪ ಅದಕ್ಕೆ ಕಡಲ ದಂಡು ಎಂದು ಹೆಸರಿಟ್ಟ. ಕಡಲನ್ನು ಅವನು ಕಂಡವನಲ್ಲ. ಡಾಕ್ಟರು ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗಿ ಕೂತಿದೆ, ಉಳಿ ಮುಟ್ಟಕೂಡದು, ಎಂದು ಹೇಳಿ ಆಗಲೇ ಎಂಟು ತಿಂಗಳಾಗಿತ್ತು, ಮುಟ್ಟದೆ ಇದ್ದವನೇ ಅವನು, ಗೋಡೆಗೆ ಒರಗಿ ತನ್ನ ಅಂಗೈ ನೋಡುತ್ತ ಕೂತವನು, ಅಂಥವನ ಕೈಗೆ ಹಾಳೆ ಕೊಟ್ಟವಳು ತಾನು, ಇನ್ನೊಂದು ಕೆಲಸ ಅಪ್ಪ, ಇದೊಂದೇ, ಎಂದವಳು ತಾನು, ಅಪ್ಪನ ಮುಖದಲ್ಲಿ ಬೆಳಕು ಬಂತು, ಹಸಿ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಕೂತ, ಒಂದು ಬೊಂಬೆಗೆ ಒಂದು ತಿಂಗಳು, ಎರಡನೆಯದು ಮುಗಿಯುವಾಗ ಮೆಟ್ಟಿಲು ಹತ್ತಲಾರದಾದ, ನಾಲ್ಕನೆಯದಕ್ಕೆ ಆಕ್ಸಿಜನ್ ಮಿಷನ್ ಮನೆಗೆ ಬಂತು, ಐದನೆಯದು ದಂಡಿನ ನಾಯಕ, ಅದರ ಕತ್ತಿನ ಸೀಳುಗಳನ್ನು ಉಳಿಯ ಮೊನೆಯಿಂದ ಒಂದೊಂದಾಗಿ ತೆರೆಯುವಾಗ ಅಂಗಿಯಿಲ್ಲದ ಅಪ್ಪನ ಪಕ್ಕೆಲುಬುಗಳ ನಡುವಿನ ಗುಳಿಗಳು ಒಳಕ್ಕೆ ಸೇದಿಕೊಂಡವು, ಬಿಟ್ಟವು, ಸೇದಿಕೊಂಡವು, ಅವಳು ಕಣ್ಣು ಬೇರೆಡೆಗೆ ತಿರುಗಿಸಿದ್ದಳು.

ಕೇಳಿದ್ದ ಅಪ್ಪ, ಮೊದಲ ದಿನವೇ ಕೇಳಿದ್ದ. ಕಲ್ಲಿಗೆ ಉಳಿ ತಾಗಿಸುವ ಮುನ್ನ ಕೆತ್ತುವವನು ಕೇಳಬೇಕಾದ ಮಾತು ಒಂದೇ, ನೋಡುವವನು ಎಲ್ಲಿ ನಿಲ್ಲುತ್ತಾನೆ. ಬೇಲೂರಿನ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು ಹತ್ತೊಂಬತ್ತರ ಹುಚ್ಚಣ್ಣನನ್ನು ಗುಡಿಗೆ ಕರೆದೊಯ್ದು ಮದನಿಕೆಯ ಕೆಳಗೆ ಅಂಗಾತ ಮಲಗಿಸಿ, ಏನ್ ಕಾಣ್ತದೆ, ಎಂದಿದ್ದರಂತೆ, ನನ್ನೇ ನೋಡ್ತಾವ್ಳೆ ಮೇಷ್ಟ್ರೆ, ಹೂಂ, ಅದಕ್ಕೇ ಮುಖ ಮುಂದಕ್ಕೆ ಬಾಗ್ಸಿರೋದು, ಕೆಳಗೆ ನಿಂತೋನಿಗೆ ಕಣ್ಣು ಸಿಗಬೇಕು. ಯಜಮಾನರ ಜಗುಲಿಯ ಮುಂದೆ ತಲೆ ತಗ್ಗಿಸಿ ನಿಲ್ಲು ಮಗಾ ಎಂದು ತಾಯಿ ಲಕ್ಕಮ್ಮನಿಂದ ಕಲಿತವನು, ಎತ್ತರದಲ್ಲಿ ನಿಂತು ಕೆಳಗೆ ನೋಡುವ ಮುಖಗಳನ್ನು ಕೆತ್ತುತ್ತ ನಲವತ್ತು ವರ್ಷ ಕಳೆದ, ಬೌದ್ಧನಾದ, ಮಗಳಿಗೆ ಯಶೋಧರಾ ಎಂದು ಹೆಸರಿಟ್ಟ, ಓದಿಸಿದ, ಮಗಳು ಅರಸೀಕೆರೆಯ ಶಾಲೆಯಲ್ಲಿ ಚಿತ್ರಕಲೆಯ ಮೇಡಂ ಆದಳು, ಗೊತ್ತಿಲ್ಲ ಎಂಬ ಮಾತು ಬಾರದವಳಾದಳು. ಅವ್ವಾ, ಇವನ್ನ ಎಲ್ಲಿಕ್ತಾರಂತೆ, ನೋಡೋರು ಎಲ್ಲಿ ನಿಂತಿರ್ತಾರೆ, ಕೇಳ್ದಾ, ಎಂದು ಫೋನಿನಲ್ಲಿ ಅಪ್ಪ, ಅವಳ ಮುಂದೆ ಮಕ್ಕಳ ಚಿತ್ರಗಳ ಕಟ್ಟು, ಗಂಟೆ ಬಾರಿಸಿತ್ತು, ಒಪ್ಪಂದಕ್ಕೆ ಸಹಿ ಹಾಕಲು ಬೆಂಗಳೂರಿಗೆ ಹೋದಾಗ ಕಂಡ ಅಂಗಡಿ ನೆನಪಾಯಿತು, ಗಾಜಿನ ಬೀರು, ದೀಪ, ಕತ್ತು ಎತ್ತಿ ನೋಡಬೇಕಾದ ಬೊಂಬೆಗಳ ಸಾಲು, ತಲೆಗಿಂತ ಒಂದು ಮೊಳ ಮೇಲೆ ಅಪ್ಪ, ಎಂದಳು, ಶಶಿಕಿರಣನನ್ನು ಒಂದು ಮಾತು ಕೇಳಲಿಲ್ಲ, ಆಟ ಆಡುವುದನ್ನು ಒಮ್ಮೆಯೂ ನೋಡಲಿಲ್ಲ, ಹಂಗಾರೆ ನಮ್ ಕೆಲಸಾನೇ ಬಿಡು, ಎಂದು ಅಪ್ಪ ಹಿಗ್ಗಿದ—ಹಿಗ್ಗಿದ್ದು ಫೋನಿನಲ್ಲಿಯೂ ಕೇಳಿಸಿತು. ಬೀರುವಿನಲ್ಲಿ ಇದ್ದದ್ದು ಮಾರಾಟಕ್ಕೆ. ಆಡುವುದು ಸೊಂಟದೆತ್ತರದ ಮೇಜಿನ ಮೇಲೆ, ಸುತ್ತ ನಿಂತು, ಬಗ್ಗಿ, ನೆತ್ತಿಯ ಮೇಲಿನಿಂದ ನೋಡುತ್ತ, ಇಷ್ಟು ಸರಳವಾದದ್ದನ್ನು ಹೇಗೆ ತಿಳಿಯದೆ ಹೋದೆ, ತಿಳಿಯದೆಯೇ, ಅಲ್ಲ, ಕಂಡಿತ್ತು, ಬೊಂಬೆಗಳ ಕಣ್ಣು ಬಿಡಿಸುವ ದಿನ ಕಂಡಿತ್ತು, ಕಣ್ಣನ್ನು ಕಡೆಗೆ ಬಿಡಿಸುವುದು, ಕೆಳಗೆ ಮಲಗಿ ನೋಡಿ ಇದ್ದಲಿನಿಂದ ಗುರುತು ಹಾಕಿದ ಮೇಲೆಯೇ ಬಿಡಿಸುವುದು, ಅಪ್ಪ ಚಾಪೆಯಲ್ಲಿ ಮಲಗಿದ್ದ, ಅವಳು ಸ್ಟೂಲಿನ ಮೇಲೆ ನಿಂತು ಒಂದೊಂದೇ ಬೊಂಬೆಯನ್ನು ಅವನ ಮೇಲೆ ಎತ್ತಿ ಹಿಡಿದಿದ್ದಳು, ಇನ್ನೊಸಿ ಬಗ್ಸು, ಸಾಕು, ಇದ್ದಲು ಕೊಡು—ಐದು ಸಲವೂ ಅವಳಿಗೆ ಕಂಡದ್ದು ನುಣುಪಾದ ನೆತ್ತಿ, ರೆಕ್ಕೆಯ ತುದಿ, ಮುಖವೇ ಇಲ್ಲದ ತಲೆ, ಕಂಡೂ ಕೈ ನೋಯುತ್ತಿದೆ ಎಂದಷ್ಟೇ ಅಂದುಕೊಂಡಿದ್ದಳು.

ಕಥೆಯನ್ನೂ ಕಟ್ಟಿದ್ದ ಅಪ್ಪ, ಕಥೆಯಿಲ್ಲದ ಕಲ್ಲಿಗೆ ಕೈ ಏಳುವುದಿಲ್ಲ ಎನ್ನುತ್ತಿದ್ದ. ಕಡಲ ದಂಡು ಹಳೇಬೀಡಿಗೆ ಬರುವುದು ಚಿನ್ನಕ್ಕಲ್ಲವಂತೆ, ಗೋಡೆಯೊಳಗೆ ಸಿಕ್ಕಿಕೊಂಡಿರುವ ಮಕರಗಳು ಅವರ ದಾಯಾದಿಗಳಂತೆ, ಬಿಡಿಸಿಕೊಂಡು ಹೋಗಲು ಬರುತ್ತಾರಂತೆ, ನಿಂತರೆ ಉಸಿರು ಹೋಗುತ್ತದೆ, ನಿಲ್ಲದೆ ಕಲ್ಲನ್ನು ಕೀಳಲಾಗದು, ಆದ್ದರಿಂದ ಗುಡಿಯನ್ನು ಸುತ್ತುತ್ತಾರೆ, ಸುತ್ತುತ್ತಲೇ ಇರುತ್ತಾರೆ. ಇದನ್ನು ಅವನು ಪಕ್ಕದ ಮನೆಯ ಮುನಿಯಮ್ಮನಿಗೆ ಹೇಳಿದ್ದು ಯುಗಾದಿಯ ಮಾರನೆಯ ದಿನ, ಮುನಿಯಮ್ಮ ಗಂಡಸಿ ಊರಿನಲ್ಲಿದ್ದ ತಂಗಿಗೆ ಹೇಳಿದಳು, ತಂಗಿ ಹಾರನಹಳ್ಳಿಯ ಬೀಗರಿಗೆ, ತಿಂಗಳು ಒಪ್ಪತ್ತಿನಲ್ಲಿ ಕಥೆ ಮುನಿಯಮ್ಮನ ಬಾಯಲ್ಲಿಯೇ ತಿರುಗಿ ಬಂದಾಗ ದಂಡಿನವರು ಮಕರಗಳನ್ನು ತಬ್ಬಿಕೊಂಡು ಅಳುತ್ತಿದ್ದರು, ಅಪ್ಪ ರೇಗಿದ, ಸುಲಿಯಕ್ ಬಂದೋರು ಅಳ್ತಾರಾ ಮುನಿಯಮ್ಮ, ಹಂಗೆ ಅಂತಾರಪ್ಪ, ನಂಗೇನ್ ಗೊತ್ತು, ಯಾರ್ ಅಂತಾರೆ, ಕಥೆ ನಂದು, ನಿಂದು ಅಂತ ಕಥೆ ಮ್ಯಾಲೆ ಬರ್ದೈತಾ ಹುಚ್ಚಣ್ಣೋ, ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅಪ್ಪನೂ ನಕ್ಕ, ನಕ್ಕರೆ ಕೆಮ್ಮು, ಕೆಮ್ಮಿದರೆ ಗುಳಿಗಳು—ಸೇದಿಕೊಂಡು, ಬಿಟ್ಟು.

ಡಬ್ಬಿ ತಿರುಗಿ ಕೊಡುವಾಗ ಎಷ್ಟು ಮೃದುವಾಗಿ ಮಾತನಾಡಿದ ಶಶಿಕಿರಣ, ಬೈದಿದ್ದರೆ ಆಗುತ್ತಿತ್ತು. ಕೆಲಸ ತುಂಬಾ ಚೆನ್ನಾಗಿದೆ ಮೇಡಂ, ಮೈಮೇಲಿನ ಒರಟು ನೋಡಿ ನಮ್ಮವರೆಲ್ಲ ದಂಗಾಗಿಬಿಟ್ರು, ಆದ್ರೆ ಕಂಪ್ಯೂಟರಿಗೆ ಹಾಕಿ, ಅಳತೆ ಇಳಿಸಿ, ಐದನ್ನೂ ಪ್ಲಾಸ್ಟಿಕ್‌ನಲ್ಲಿ ತೆಗೆದು ಟೇಬಲ್ ಮೇಲೆ ಇಟ್ವಿ, ಆಡೋಕೆ ಬಂದೋರು ನಕ್ಕುಬಿಟ್ರು, ಹೆಡ್ಮಾಸ್ಟರ್ ಮುಂದೆ ನಿಂತಿರೋ ಮಕ್ಕಳ ಥರ ಇದ್ದಾವೆ ಅಂದ್ರು, ಎಲ್ಲಾ ತಲೆ ತಗ್ಗಿಸಿ ನಿಂತಿದ್ದಾವೆ, ಕಂಪ್ಯೂಟರಲ್ಲಿ ಅವುಗಳ ಕತ್ತನ್ನ ಮೇಲಕ್ಕೆ ಎತ್ತಿಸಿ ನೋಡಿದ್ವಿ, ಕಿವಿರು ಸೀಳಿದ ಕಡೆ ಹರಿದುಹೋದ ಹಾಗಾಗತ್ತೆ, ಅಪ್ಪಾಜಿಗೆ ಇನ್ನೊಂದ್ಸಲ ಮಾಡೋಕೆ ಆಗತ್ತಾ, ಎಂದ. ಆಗುವುದಿಲ್ಲ ಎಂದಳು. ತಪ್ಪು ನನ್ನದು, ನಾನೇ ಎತ್ತರ ತಪ್ಪಿ ಹೇಳಿದೆ, ಎನ್ನಬೇಕೆಂದು ಬಾಯಿ ತೆರೆದವಳು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು, ಅವನಿಗೆ ಹೇಳಿ ಏನಾಗಬೇಕು, ಯಾರಿಗೆ ಹೇಳಬೇಕೋ ಅವನು ಹಳೇಬೀಡಿನಲ್ಲಿದ್ದಾನೆ, ತಲೆ ತಗ್ಗಿಸಿ ನಿಂತಿದ್ದಾವೆ ಅಪ್ಪ, ನೀನು ಕೆತ್ತಿದ ಐವರೂ ತಲೆ ತಗ್ಗಿಸಿ ನಿಂತಿದ್ದಾರೆ, ಜಗುಲಿಯ ಮುಂದೆ ನಿಂತ ಹಾಗೆ, ಹಾಗೆ ನಿಲ್ಲಿಸಿದವಳು ನಾನು—ಈ ವಾಕ್ಯವನ್ನು ಅವಳು ಅರಸೀಕೆರೆಯ ನಿಲ್ದಾಣದಿಂದ ಕಟ್ಟುತ್ತ ಬಂದಿದ್ದಾಳೆ, ಒಡೆಯುತ್ತ ಬಂದಿದ್ದಾಳೆ, ಹೇಳಿದರೆ ಅವನ ಕಡೆಯ ಐದು ತಿಂಗಳು ನೆಲಕ್ಕೆ ಬೀಳುತ್ತವೆ, ಹೇಳದಿದ್ದರೆ ತಾನು ಹೇಳದವಳಾಗಿಯೇ ಉಳಿಯಬೇಕು, ಅವನ ನಂತರವೂ, ಇಳೀರಮ್ಮ, ಹಳೇಬೀಡು, ಎಂದು ಕಂಡಕ್ಟರು, ಮುದುಕಿ ಮಂಡಿ ಸರಿಸಿ ದಾರಿ ಬಿಟ್ಟಳು, ಕಾಲ ಕೆಳಗೆ ನೆಲ, ಬಿಸಿಲು, ಗುಡಿಯ ಕಡೆಗೆ ಹೊರಟ ಪ್ರವಾಸಿಗರ ಗುಂಪು, ಅವರೆಲ್ಲ ಕತ್ತು ಎತ್ತಿಯೇ ನೋಡುವವರು.

ಬಾಗಿಲಲ್ಲಿ ಮುನಿಯಮ್ಮ, ಬಂದ್ಲು ನೋಡಪ್ಪ ನಿನ್ ಮಗಳು, ಬೆಳಗ್ಗಿಂದ ಒಂದು ತುತ್ತು ಉಂಡಿಲ್ಲ ಕಣೇ, ನಿನ್ ಬಸ್ಸೇ ಕಾಯ್ತಾ ಕುಂತವ್ನೆ, ಎಂದು ದಾರಿ ಬಿಟ್ಟಳು, ಒಳಗೆ ಮಿಷನ್ನಿನ ಗುಯ್‌ಗುಡುವಿಕೆ, ಚಾಪೆಯ ಮೇಲೆ ಅಪ್ಪ, ಮೂಗಿಗೆ ಕೊಳವೆ, ಮೂಳೆಗೆ ಅಂಟಿದ ಚರ್ಮ, ಕಣ್ಣು ಮಾತ್ರ ಡಬ್ಬಿಯ ಮೇಲೆ. ಇವ್ಯಾಕ್ ತಿರುಗಿ ಬಂದೋ, ಎಂದು ಕೇಳಿದ. ಫೋಟೋ ತೆಗೆದುಕೊಂಡರು ಅಪ್ಪ, ಅವರ ಕೆಲಸ ಮುಗಿಯಿತು, ಅಸಲು ನಿನ್ನದೇ ಅಂದರು, ಎಂದ ಅವಳ ದನಿ ಶಾಲೆಯಲ್ಲಿ ಹಾಜರಿ ಕೂಗುವಾಗಿನ ದನಿಯಾಗಿತ್ತು. ನಾಯಕನ್ನ ತೆಗಿ, ಎಂದ, ತೆಗೆದಳು, ಹತ್ತಿ ಬಿಡಿಸಿದಳು, ನಿಂತಲ್ಲಿಂದಲೇ ಅವನ ಮುಖದ ಮೇಲಕ್ಕೆ ಹಿಡಿದಳು, ಅವಳಿಗೆ ನೆತ್ತಿ, ಅವನಿಗೆ ಕಣ್ಣು, ಅಪ್ಪನ ಕಣ್ಣು ಆ ಕಣ್ಣಿಗೆ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಕದಲಲಿಲ್ಲ, ಕೊಲ್ಲಂಗೇ ನೋಡ್ತಾವ್ನೆ ಬಡ್ಡಿಮಗ, ಎಂದು ಪಿಸುಗುಟ್ಟಿದ, ಜಗತ್ತಿನಲ್ಲಿ ಈ ಚಾಪೆಯೊಂದರಿಂದ ಮಾತ್ರ ಕಾಣುವ ಕಣ್ಣು, ಈ ಚಾಪೆ ಇನ್ನೆಷ್ಟು ದಿನ. ಈಗ ಹೇಳಬೇಕು, ಹೇಳುತ್ತೇನೆ, ಅಪ್ಪ, ನಾನು ಒಂದು—ಅವ್ವಾ, ಎಂದ ಅವನು, ಎರಡು ಉಸಿರಿನ ನಡುವೆ ಬಿಡುವು ಮಾಡಿಕೊಂಡು, ಆಡಕ್ ಬಂದೋರು ನೋಡುದ್ರಾ, ನೋಡಿದರು ಅಪ್ಪ. ಹೆದ್ರುಕೊಂಡ್ರಾ.

ಮಿಷನ್ನಿನ ಸದ್ದು, ಮುನಿಯಮ್ಮನ ಬಳೆಯ ಸದ್ದು, ಕೈಯಲ್ಲಿ ಕಲ್ಲು ತಣ್ಣಗಿದೆ. ಹೆದರಿದರು ಅಪ್ಪ, ತುಂಬ ಹೆದರಿದರು. ಅವನು ನಕ್ಕ, ನಗು ಸದ್ದಿಲ್ಲದೆ ಎದ್ದು ಕೆಮ್ಮಾಯಿತು, ಕೆಮ್ಮಿಗೆ ಉಸಿರು ಸಾಲದಾಯಿತು, ಮುನಿಯಮ್ಮ ನೀರಿಗೆ ಓಡಿದಳು, ಬೊಂಬೆ ಹಿಡಿದ ಕೈಯನ್ನು ಇಳಿಸಬೇಕು, ಇಳಿಸಲಾಗುತ್ತಿಲ್ಲ, ನೆತ್ತಿಯ ಅಂಚಿನಾಚೆ ಅಪ್ಪನ ಪಕ್ಕೆ, ಪಕ್ಕೆಲುಬುಗಳ ನಡುವೆ ಗುಳಿಗಳು, ಎಡಗಡೆ ಐದು, ಒಳಕ್ಕೆ ಸೇದಿಕೊಳ್ಳುತ್ತವೆ, ಬಿಡುತ್ತವೆ, ಸೇದಿಕೊಳ್ಳುತ್ತವೆ, ಐದು ಸೀಳು, ಬಿಡುತ್ತವೆ, ಸೇದಿಕೊಳ್ಳುತ್ತವೆ—